ಮೆಟ್ಟಿಲ ದೀಪದ ಹಾಳೆ

ಹಲ್ಲು ಕಟ್ಟುವ ಕಸುಬಿನವಳಾದ್ದರಿಂದ ಬೀದಿಯವರೆಲ್ಲ ಅವಳನ್ನು ಹಲ್ಲಿನಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಕಂಡವರು ಹುಟ್ಟಿನಿಂದ ಬಂದ ಹಲ್ಲೇ ಎನ್ನಬೇಕು, ಹಾಗೆ ಸೆಟ್ ಮಾಡಿಕೊಡುತ್ತಿದ್ದಳು. ಮೂವತ್ತೊಂದು ವರ್ಷದಿಂದ ಅದೇ ಕಿಟಕಿ, ಅದೇ ಬೆಂಚು, ಒಂದು ಕಾಲು ಗಿಡ್ಡವಾದ ಅದೇ ಸ್ಟೂಲು. ಆದರೆ ಲೋಕದಲ್ಲಿ ಮುನ್ನೂರು ಚಿಲ್ಲರೆ ಜನಕ್ಕೆ ಮಾತ್ರ ಅವಳು ಹಲ್ಲಿನಕ್ಕ ಅಲ್ಲ, ‘ದವಡೆ’. ಆ ಮುನ್ನೂರು ಜನರಲ್ಲಿ ಒಬ್ಬರ ಮುಖವನ್ನೂ ಅವಳು ಕಂಡವಳಲ್ಲ.

ಅವರೆಲ್ಲ ಸೇರುತ್ತಿದ್ದದ್ದು ಇಂಟರ್‌ನೆಟ್ಟಿನಲ್ಲಿ, ‘ನರಜಾಲ ಕಟ್ಟೆ’ ಎಂಬ ಪುಕ್ಕಟೆ ಹರಟೆಕಟ್ಟೆಯಲ್ಲಿ. ನರಜಾಲ ಎಂದರೆ ಮೈಯೊಳಗಿನದಲ್ಲ. ಕಂಪ್ಯೂಟರಿನಲ್ಲಿ ಬರೀ ಲೆಕ್ಕದಿಂದ ಹೆಣೆದದ್ದು. ತಪ್ಪು ಉತ್ತರ ಕೊಟ್ಟು, ತಪ್ಪು ಎಷ್ಟಾಯಿತೆಂದು ಅಳೆದು, ತನ್ನೊಳಗಿನ ಅಂಕಿಗಳನ್ನು ಚೂರು ಚೂರೇ ತಿದ್ದಿಕೊಂಡು ಕಲಿಯುವಂಥದ್ದು. ಈಗ ಅದು ಎಲ್ಲರ ಫೋನಿನಲ್ಲಿ ಕೂತು ಮಾತಾಡುತ್ತದೆ, ಕೇಳದಿದ್ದರೂ ಬುದ್ಧಿ ಹೇಳುತ್ತದೆ. ಇಪ್ಪತ್ತೆರಡು ವರ್ಷದ ಹಿಂದೆ ಆ ಮಾತೆತ್ತಿದರೆ ಓದಿದವರೂ ಮೂಗು ಮುರಿಯುತ್ತಿದ್ದರು. ಹಾಗೆ ಮೂಗು ಮುರಿಸಿಕೊಂಡವರೆಲ್ಲ ಬಂದು ಕೂತ ಜಾಗವೇ ಕಟ್ಟೆ.

ಆ ಮಂಗಳವಾರ ಮಧ್ಯಾಹ್ನ ಬುತ್ತಿ ಬಿಚ್ಚುತ್ತ ಕಟ್ಟೆಗೆ ಇಣುಕಿದರೆ, ಮೇಲ್ಗಡೆ ಕೆಂಪು ಪಟ್ಟಿಯಲ್ಲೊಂದು ನೋಟೀಸು. ಇಷ್ಟು ವರ್ಷ ಬಿಟ್ಟಿ ಜಾಗ ಕೊಟ್ಟಿದ್ದ ಕಂಪನಿ ಈ ತಿಂಗಳ ಕೊನೆಗೆ ಆ ಸೇವೆ ನಿಲ್ಲಿಸುತ್ತದಂತೆ. ಬೇಕಾದವರು ಮುಖ್ಯ ಪಾಸ್‌ವರ್ಡ್ ಬಳಸಿ ಎಲ್ಲವನ್ನೂ ಇಳಿಸಿಕೊಳ್ಳಬಹುದು, ಉಳಿದದ್ದನ್ನು ಅಳಿಸಲಾಗುವುದು. ಹದಿನೆಂಟು ದಿನ ಬಾಕಿ. ಹಲ್ಲಿನಕ್ಕ ಬುತ್ತಿಯ ಮುಚ್ಚಳವನ್ನು ಹಾಗೇ ವಾಪಸು ಮುಚ್ಚಿದಳು.

ಜಾಗದ ಚಿಂತೆ ಸಂಜೆಯೊಳಗೇ ನೀಗಿತು. ‘ಲೈಬ್ರರಿ’ ಎಂಬ ಅಡ್ಡಹೆಸರಿನ ಸದಸ್ಯೆ ನಿಜಕ್ಕೂ ಒಂದು ಲೈಬ್ರರಿಯಲ್ಲೇ ಕೆಲಸಕ್ಕಿದ್ದಳು. ನಮ್ಮಲ್ಲೊಂದು ಕಂಪ್ಯೂಟರ್ ಸುಮ್ಮನೆ ಕೂತಿದೆ, ಮೇಲಿನವರನ್ನು ಒಪ್ಪಿಸಿದ್ದೇನೆ, ಕಟ್ಟೆಯನ್ನು ಇಲ್ಲಿಗೇ ತನ್ನಿ ಎಂದು ಬರೆದಳು. ತರುವುದು ಹೇಗೆ? ಬೈಯುವವರನ್ನು ಹೊರಗೆ ಹಾಕುವಷ್ಟು ಅಧಿಕಾರ ಹಲ್ಲಿನಕ್ಕನಿಗಿತ್ತು, ಅಷ್ಟೇ. ಮುಖ್ಯ ಪಾಸ್‌ವರ್ಡ್ ಇದ್ದದ್ದು ಕಟ್ಟೆ ಕಟ್ಟಿದವರ ಹತ್ತಿರ ಮಾತ್ರ, ಅಂದರೆ ‘ಮೇಷ್ಟ್ರು’ ಎಂಬುವವರ ಹತ್ತಿರ. ಮೇಷ್ಟ್ರು ಕಟ್ಟೆ ಬಿಟ್ಟು ಒಂಬತ್ತು ವರ್ಷವಾಗಿತ್ತು. ಅವರ ಹಳೇ ವಿಳಾಸಕ್ಕೆ ಹಾಕಿದ ಮೇಲ್ ಹೋದ ಹಾಗೇ ವಾಪಸು ಬಂತು. ಅವರ ಹೆಸರು, ಊರು, ಕೆಲಸ ಯಾರಿಗೂ ಗೊತ್ತಿರಲಿಲ್ಲ. ಯಾವುದೋ ದೊಡ್ಡ ಕಾಲೇಜಿನ ಪ್ರೊಫೆಸರ್ ಇರಬೇಕೆಂದು ಎಲ್ಲರೂ ನಂಬಿದ್ದರು. ಅಷ್ಟು ತಾಳ್ಮೆ ಇರುವವರು ಪ್ರೊಫೆಸರಾಗಿರಲಾರರು ಎಂಬುದು ಯಾಕೋ ಯಾರಿಗೂ ಹೊಳೆದಿರಲಿಲ್ಲ.

ಅವಳ ಗಂಡ ಬಸ್ ಡ್ರೈವರ್. ರಾತ್ರಿ ಊಟಕ್ಕೆ ಕೂತಾಗ ವಿಷಯವನ್ನೆಲ್ಲ ಕೇಳಿ, “ಏನೇ, ನಿನ್ನ ನರದ ನೆಂಟರಿಗೆಲ್ಲ ಮನೆ ಖಾಲಿ ಮಾಡೋ ಯೋಗ ಬಂತಾ?” ಎಂದ. ಬೇರೆ ದಿನವಾಗಿದ್ದರೆ ಅವಳು ನಕ್ಕು ತಿರುಗಿಸಿ ಕೊಡುತ್ತಿದ್ದಳು. ಅವತ್ತು ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಅತ್ತದ್ದನ್ನು ಅವನು ಕಂಡದ್ದು ಬೆರಳೆಣಿಕೆಯಷ್ಟು ಸಲ.

“ಅಷ್ಟೊಂದು ಹಚ್ಕೊಂಡಿದ್ಯಾ?” ಎಂದು ಕೇಳಿದ.

“ನಿಮಗೆ ಗೊತ್ತಾಗಲ್ಲ ಬಿಡಿ.”

“ಗೊತ್ತಾಗೋ ಹಾಗೆ ಹೇಳು, ಗೊತ್ತಾಗುತ್ತೆ.”

ಅವಳು ಹೇಳಿದಳು. ಅವನಿಗೆ ಅರ್ಧ ಗೊತ್ತಿದ್ದ ಸಂಗತಿಯೇ, ಆದರೂ ಮೊದಲಿಂದ ಕೇಳಿದ.

ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿ ಹಲ್ಲಿನ ಡಾಕ್ಟರ ಲ್ಯಾಬಿಗೆ ಸೇರಿದವಳು ಅವಳು. ಓದಬೇಕೆಂಬ ಆಸೆಯನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿಯಾಗಿತ್ತು. ಒಂದು ದಿನ ಅಚ್ಚುಗಳನ್ನು ಸುತ್ತಿಕೊಂಡು ಬಂದ ಹಳೇ ವಾರಪತ್ರಿಕೆಯ ಹಾಳೆಯಲ್ಲಿ, ಕೈಬರಹ ಓದಲು ಕಲಿಯುವ ಯಂತ್ರದ ಬಗ್ಗೆ ಅರ್ಧ ಲೇಖನ ಸಿಕ್ಕಿತು. ಅದಕ್ಕೆ ಯಾರೂ ಓದು ಹೇಳಿಕೊಡುವುದಿಲ್ಲ, ತಪ್ಪು ಎಷ್ಟು ಎಂದು ಮಾತ್ರ ಹೇಳುತ್ತಾರೆ, ಅದು ಸ್ವಲ್ಪ ಸ್ವಲ್ಪವೇ ತಿದ್ದಿಕೊಳ್ಳುತ್ತದೆ ಎಂದಿತ್ತು. ಹಲ್ಲಿನಕ್ಕ ಆ ಸಾಲನ್ನು ನಾಲ್ಕು ಸಲ ಓದಿದಳು. ಅದು ಅವಳ ದಿನನಿತ್ಯದ ಕೆಲಸ. ಹೊಸ ಸೆಟ್ ಹಾಕಿದವರ ಬಾಯಿಗೆ ನೀಲಿ ಕಾಗದ ಕೊಟ್ಟು ಕಚ್ಚಿಸಬೇಕು, ಎಲ್ಲಿ ಬಣ್ಣ ಗಾಢವಾಗಿ ಕೂತಿತೋ ಅಲ್ಲಿ ಒತ್ತುತ್ತದೆ ಎಂದರ್ಥ, ಅಲ್ಲಿ ಚೂರು ಉಜ್ಜಬೇಕು, ಮತ್ತೆ ಕಚ್ಚಿಸಬೇಕು. ಯಾರೋ ದೊಡ್ಡವರು ಎಲ್ಲೋ ಕೂತು ತನ್ನ ಬೆಂಚಿನ ಕೆಲಸವನ್ನೇ ಯಂತ್ರಕ್ಕೆ ಕಲಿಸುತ್ತಿದ್ದಾರೆ ಅನ್ನಿಸಿತು. ಲೇಖನದ ಉಳಿದರ್ಧ ಯಾವ ಅಚ್ಚಿನ ಜೊತೆ ಯಾರ ಬಾಯಿ ಸೇರಿತೋ.

ಆಗ ಡಾಕ್ಟರ ಕಂಪ್ಯೂಟರು ಇಡೀ ಓಣಿಗೆ ಒಂದೇ. ಮಧ್ಯಾಹ್ನ ಅವರು ಊಟಕ್ಕೆ ಹೋದ ಮುಕ್ಕಾಲು ಗಂಟೆ ಅದು ಅವಳದು. ಫೋನಿನ ತಂತಿ ಸಿಕ್ಕಿಸಿದರೆ ಕಿರ್ರ್ ಕುರ್ರ್ ಎಂದು ರಂಪ ಮಾಡಿ, ಮನಸ್ಸು ಬಂದರೆ ಒಳಗೆ ಬಿಡುತ್ತಿತ್ತು. ಹುಡುಕುತ್ತ ಹುಡುಕುತ್ತ ಕಟ್ಟೆ ಸಿಕ್ಕಿತು. ಆಗ ಅಲ್ಲಿ ಇದ್ದದ್ದು ಇಬ್ಬರೇ: ಮೇಷ್ಟ್ರು, ಮತ್ತು ಬೆಸುಗೆ ಹಾಕುವ ಕೆಲಸದ ‘ಬೆಸುಗೆ’. ಯಾವ ಯಂತ್ರವೂ ಬೇಡ, ಪೆನ್ಸಿಲ್ ಇದ್ದರೆ ಸಾಕು ಎಂದು ಮೇಷ್ಟ್ರು ಕೈಯಲ್ಲಿ ಬರೆದ ಒಂದು ಹಾಳೆಯನ್ನು ಸ್ಕ್ಯಾನ್ ಮಾಡಿ ಹಾಕಿದ್ದರು. ಅದೇ ಮೆಟ್ಟಿಲ ದೀಪದ ಹಾಳೆ.

ಮೆಟ್ಟಿಲ ಕೆಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು, ಎರಡಕ್ಕೂ ಸೇರಿ ಒಂದೇ ದೀಪ. ಸ್ವಿಚ್ಚುಗಳು ಒಂದೊಂದು ದಿಕ್ಕಿಗಿದ್ದರೆ ದೀಪ ಹತ್ತುತ್ತದೆ, ಎರಡೂ ಒಂದೇ ದಿಕ್ಕಿಗಿದ್ದರೆ ಆರುತ್ತದೆ. ಸ್ವಿಚ್ಚು ನೋಡಿ ದೀಪ ಹೇಳುವುದನ್ನು ಒಂದು ಪುಟ್ಟ ನರಜಾಲಕ್ಕೆ ಕೈಲೆಕ್ಕದಲ್ಲಿ ಕಲಿಸಬೇಕು. ಸ್ವಿಚ್ಚುಗಳಿಗೂ ದೀಪಕ್ಕೂ ನಡುವೆ ಇಬ್ಬರು ಕೆಲಸಗಾರರು, ಅಂದರೆ ಎರಡು ನರ. ಪ್ರತಿಯೊಂದು ತಂತಿಗೂ ಶುರುವಿಗೆ ಒಂದು ಅಂಕಿ. ಮೇಷ್ಟ್ರು ಎಲ್ಲ ತಂತಿಗೂ ಅರ್ಧ, ಅರ್ಧ, ಅರ್ಧ ಎಂದು ಕೊಟ್ಟಿದ್ದರು.

ಹಲ್ಲಿನಕ್ಕ ಹನ್ನೊಂದು ಮಧ್ಯಾಹ್ನ ಆ ಲೆಕ್ಕ ಮಾಡಿದಳು. ಪುಟದ ಮೇಲೆ ಪುಟ. ದೀಪ ಮಾತ್ರ ಸರಿಯಾಗಿ ಹತ್ತಲೊಲ್ಲದು. ತಲೆ ಮೇಲೆ ಕೈ ಹೊತ್ತು ಕೂತಳು, ಕೂಡುವುದರಲ್ಲಿ ತಪ್ಪಿರಬೇಕೆಂದು ಮೊದಲಿಂದ ಕೂಡಿದಳು. ಹನ್ನೆರಡನೇ ದಿನ ಥಟ್ಟನೆ ಕಣ್ಣಿಗೆ ಬಿತ್ತು: ನಡುವಿನ ಇಬ್ಬರ ಅಂಕಿಗಳು ಪ್ರತಿ ಪುಟದಲ್ಲೂ ಒಂದೇ. ಅವಳು ಹೆದರಿಕೊಂಡೇ ಕಟ್ಟೆಯಲ್ಲಿ ಬರೆದಳು: “ಇಬ್ಬರು ಕೆಲಸಗಾರರಿಗೆ ಒಂದೇ ಕೆಲಸ ಕೊಟ್ಟು, ಒಂದೇ ಬೈಗುಳ ಬೈದರೆ, ಇಬ್ಬರೂ ಒಂದೇ ಥರ ತಿದ್ದಿಕೊಳ್ಳುತ್ತಾರೆ. ಇಬ್ಬರಿದ್ದೂ ಒಬ್ಬರೇ ಇದ್ದ ಹಾಗಾಯಿತು. ಶುರುವಿನ ಅಂಕಿಗಳು ಬೇರೆ ಬೇರೆ ಇರಬೇಕಿತ್ತು ಅನ್ನಿಸುತ್ತದೆ. ನಾನು ಹೆಚ್ಚು ಓದಿದವಳಲ್ಲ, ತಪ್ಪಾಗಿದ್ದರೆ ಕ್ಷಮಿಸಿ.”

ಯಾವ ಪ್ರಶ್ನೆಗೂ ಒಂದು ಗಂಟೆಯೊಳಗೆ ಉತ್ತರಿಸುವ ಮೇಷ್ಟ್ರು ಆ ಸಲ ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಬರೆದರು: “ಕಂಡುಹಿಡಿದಿರಲ್ಲ. ಅದೇ ಪರೀಕ್ಷೆ. ಮೊದಲು ಪಾಸಾದವರು ನೀವು.”

ಆ ಒಂದು ಸಾಲನ್ನು ಅವಳು ಎಷ್ಟು ಸಲ ಓದಿದ್ದಾಳೋ ಲೆಕ್ಕವಿಲ್ಲ. ಅಲ್ಲಿಂದ ಅದೇ ಕಟ್ಟೆಯ ಪದ್ಧತಿಯಾಯಿತು. ಹೊಸಬರು ಯಾರೇ ಬರಲಿ, ಎಷ್ಟೇ ಓದಿರಲಿ, ಮೆಟ್ಟಿಲ ದೀಪದ ಹಾಳೆಯನ್ನು ಪೆನ್ಸಿಲಿನಲ್ಲಿ ಮಾಡಬೇಕು, ಒದ್ದಾಡಬೇಕು, ಅವಳಿಗಳಾಗಿಹೋದ ಆ ಇಬ್ಬರು ಕೆಲಸಗಾರರನ್ನು ತಾವೇ ಕಂಡುಹಿಡಿಯಬೇಕು. ಅಲ್ಲಿಯ ತನಕ ಹಳಬರು ಬಾಯಿ ಬಿಡುವ ಹಾಗಿಲ್ಲ. ವಾರಕ್ಕೊಬ್ಬರ ಸರದಿ. ಸರದಿಯವರು ಹೊಸಬರ ಲೆಕ್ಕವನ್ನು ಸಾಲು ಸಾಲಾಗಿ ನೋಡಿ, ಕೂಡಿದ್ದು ತಪ್ಪಿದ್ದರೆ ಅಷ್ಟನ್ನು ಮಾತ್ರ ತೋರಿಸಬೇಕು. ಇಪ್ಪತ್ತೆರಡು ವರ್ಷದಲ್ಲಿ ಒಂದು ವಾರವೂ ಸರದಿ ತಪ್ಪಿರಲಿಲ್ಲ. ಬೆಸುಗೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡಾಗ ಅವನ ಹೆಂಡತಿ ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳಿ ಸರದಿ ಮುಗಿಸಿದ್ದಳು.

“ಅಂದ್ರೆ ನೀನು ಫಸ್ಟ್ ರ‍್ಯಾಂಕು,” ಎಂದ ಗಂಡ.

“ನಗಬೇಡಿ. ನನ್ನ ಜೀವಮಾನದಲ್ಲಿ ನಾನು ಪಾಸಾದ ದೊಡ್ಡ ಪರೀಕ್ಷೆ ಅದೊಂದೇ.”

ಅವನು ನಗಲಿಲ್ಲ.

ಮರುದಿನದಿಂದ ಅವಳು ಕಟ್ಟೆಯ ಹಳೇ ಮಾತುಗಳನ್ನೆಲ್ಲ ಮೊದಲಿಂದ ಓದಲು ಕೂತಳು. ಮೇಷ್ಟ್ರು ಎಲ್ಲಾದರೂ ಬಾಯಿತಪ್ಪಿ ಊರಿನ ಸುಳಿವು ಬಿಟ್ಟಿರಬಹುದೆಂಬುದು ನೆಪ. ಓದುತ್ತ ಹೋದಂತೆ ಹುಡುಕುವುದು ಮರೆತೇಹೋಗುತ್ತಿತ್ತು. ಬೆಸುಗೆ ತನ್ನ ಮೊದಲ ಪ್ರೋಗ್ರಾಮಿಗೆ ಬೆಕ್ಕಿನ ಚಿತ್ರ ತೋರಿಸಿ ಅದು ‘ಕುರ್ಚಿ’ ಎಂದದ್ದು. ಒಬ್ಬಳು ಲೆಕ್ಕದ ಹಾಳೆಗಳನ್ನು ಮಗುವಿನ ಜೋಲಿಯ ಕೆಳಗಿಟ್ಟು, ಅದು ತೊಯ್ದು, ಒಣಗಿಸಿ, ಹಾಗೇ ಸ್ಕ್ಯಾನ್ ಮಾಡಿ ಕಳಿಸಿದ್ದು. ಎಲ್ಲರೂ ಸೇರಿ ಒಂದೇ ಜಾಲವನ್ನು ಆರು ತಿಂಗಳು ಕಲಿಸಿ, ಯಾರೋ ಒಬ್ಬರ ಮನೆಯ ಫ್ಯೂಸ್ ಹೋಗಿ ಎಲ್ಲವೂ ಮಣ್ಣುಪಾಲಾಗಿ, ಶೋಕಾಚರಣೆ ಮಾಡಿದ್ದು. ಎಂಥ ಜನ, ಎಂಥ ಪುರುಸೊತ್ತು. ಈಗಿನವರು ಬರುವುದು ಕಡಿಮೆ. ಏನು ಬೇಕಾದರೂ ಫೋನನ್ನೇ ಕೇಳಿದರೆ ಹೇಳಿಬಿಡುತ್ತದಲ್ಲ. ಹೇಳುತ್ತದೆ ನಿಜ, ಆದರೆ ಹನ್ನೊಂದು ದಿನ ಬಾಯಿಗೆ ಬೀಗ ಹಾಕಿಕೊಂಡು ಕಾಯುವ ಪ್ರೀತಿ ಅದಕ್ಕೆಲ್ಲಿಂದ ಬರಬೇಕು ಎಂದು ಹಲ್ಲಿನಕ್ಕ ಮನಸ್ಸಿನಲ್ಲೇ ಅದರ ಜೊತೆ ಜಗಳವಾಡಿದಳು.

ಮೇಷ್ಟ್ರು ಬಿಟ್ಟುಹೋದ ಪುಟವೂ ಸಿಕ್ಕಿತು. ಅದರ ಹಿಂದಿನ ದಿನ ಮುನ್ನೂರನೆಯವನು ಪಾಸಾಗಿದ್ದ. ಸಂಭ್ರಮಕ್ಕೆ ಹಲ್ಲಿನಕ್ಕನೇ ಉದ್ದಕ್ಕೆ ಬರೆದಿದ್ದಳು: ಇಂಥ ಪರೀಕ್ಷೆ ಹೂಡಬೇಕಾದರೆ ಮೇಷ್ಟ್ರಿಗೆ ಎಂಥ ದೂರದೃಷ್ಟಿ, ನಮ್ಮನ್ನೆಲ್ಲ ತಪ್ಪಿನ ಬಾಗಿಲಿಂದಲೇ ಒಳಗೆ ಕರೆದುಕೊಂಡರು, ಇತ್ಯಾದಿ ಇತ್ಯಾದಿ. ಮರುದಿನ ಮೇಷ್ಟ್ರದು ಒಂದೇ ಸಾಲು: “ಇನ್ನು ಮುಂದೆ ನೀವೇ ನೋಡಿಕೊಳ್ಳಿ, ನಾನು ಬರುವುದಿಲ್ಲ.” ಆಗಲೂ ಅದು ಅರ್ಥವಾಗಿರಲಿಲ್ಲ, ಈಗಲೂ ಆಗಲಿಲ್ಲ.

ಸುಳಿವು ಸಿಕ್ಕಿದ್ದು ಗಂಡನಿಗೆ. ಶುಕ್ರವಾರ ಬೆಳಿಗ್ಗೆ ಅವಳು ಮೇಜಿನ ಮೇಲೆ ಬಿಟ್ಟಿದ್ದ ಮೆಟ್ಟಿಲ ದೀಪದ ಹಾಳೆಯ ಪ್ರಿಂಟನ್ನು ಎತ್ತಿಕೊಂಡು ನೋಡಿದವನು, “ಇದರ ಹಿಂದೆ ಏನೋ ಅಚ್ಚಾಗಿದೆಯಲ್ಲೇ,” ಎಂದ. ಅಂಕಿಗಳ ನಡುವೆ ಮಸುಕು ಮಸುಕಾಗಿದ್ದ ಗೆರೆಗಳನ್ನು ಅವಳು ಸ್ಕ್ಯಾನಿನ ಕೊಳೆ ಎಂದೇ ತಿಳಿದಿದ್ದಳು. ಮೇಷ್ಟ್ರು ಯಾವುದೋ ಛಾಪಿಸಿದ ಚೀಟಿಯ ಹಿಂಬದಿಯಲ್ಲಿ ಬರೆದಿದ್ದರು, ಮುಂಬದಿ ತಿರುವುಮುರುವಾಗಿ ಮೂಡಿತ್ತು. ಗಂಡ ಅದನ್ನು ತಲೆ ಬಾಚುವ ಕನ್ನಡಿಯ ಮುಂದೆ ಹಿಡಿದು, ಕಣ್ಣು ಕಿರಿದು ಮಾಡಿ ಓದಿದ.

“ಹಗ್ಗ. ಬಾಗಿಲು. ಬ್ರೇಕು. ಮುಂದಿನ ತಪಾಸಣೆ. ಏ, ಇದು ಲಿಫ್ಟೊಳಗೆ ಅಂಟಿಸಿರ್ತಾರಲ್ಲ, ಆ ಚೀಟಿ ಕಣೇ.”

ಕೆಳಗೆ ಲಿಫ್ಟ್ ರಿಪೇರಿ ಮಾಡುವವರ ಹೆಸರೂ ಇತ್ತು. ಅದನ್ನು ಓದಿ ಅವನು ಕುರ್ಚಿಯಲ್ಲಿ ಕೂತುಬಿಟ್ಟ. “ಈ ಹೆಸರಿನ ಬೋರ್ಡನ್ನ ನಾನು ಹನ್ನೊಂದು ವರ್ಷ ದಿನಾ ನೋಡಿದೀನಿ. ಹಳೇ ರೂಟಲ್ಲಿ, ಕೊನೇ ಸ್ಟಾಪಿನ ಎದುರಿಗೇ ಇದೆ.”

ಭಾನುವಾರ ಇಬ್ಬರೂ ಹೊರಟರು. ಬಸ್ಸಿನಲ್ಲಿ ಮೂರು ಗಂಟೆ. ಬೇರೆಯವನು ಓಡಿಸುವ ಬಸ್ಸಿನಲ್ಲಿ ಕೂತರೆ ಗಂಡನ ಬಲಗಾಲು ಸುಮ್ಮನಿರುವುದಿಲ್ಲ, ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಒತ್ತುತ್ತಲೇ ಬಂದ. ಕೊನೇ ಸ್ಟಾಪಿನ ಎದುರು ತಗಡಿನ ಶೆಡ್ಡು. ಒಳಗೆ ಗ್ರೀಸಿನ ವಾಸನೆ, ಸುರುಳಿ ಸುತ್ತಿಟ್ಟ ಉಕ್ಕಿನ ಹಗ್ಗ, ಗೋಡೆಗೊರಗಿದ ಒಂಟಿ ಲಿಫ್ಟಿನ ಬಾಗಿಲು. ಲಿಫ್ಟುಗಳು ಭಾನುವಾರವೂ ಸಿಕ್ಕಿಕೊಳ್ಳುವುದರಿಂದ ಒಬ್ಬ ಮೆಕ್ಯಾನಿಕ್ ಡ್ಯೂಟಿಯಲ್ಲಿದ್ದ. ಹಲ್ಲಿನಕ್ಕ ಅವನ ಮುಂದೆ ಹಾಳೆ ಚಾಚಿದಳು.

“ಇದು ನಮ್ಮ ದೊಡ್ಡ ಮೇಸ್ತ್ರಿ ಕೈಬರಹ,” ಎಂದ ಅವನು, ಒಂದು ಕ್ಷಣವೂ ಯೋಚಿಸದೆ. “ಚೀಟಿ ಹಿಂದೆಲ್ಲ ಲೆಕ್ಕ ಬರೀತಿದ್ರು. ಮಾಲೀಕರು ಬೈದೂ ಬೈದೂ ಸಾಕಾಗಿ ಬಿಟ್ರು. ರಿಟೈರಾಗಿದಾರೆ. ಮುಂದಿನ ತಿರುವಲ್ಲಿ ಮೂರನೇ ಮನೆ, ಕೆಳಗಿನ ಅಂತಸ್ತಲ್ಲೇ ಇರೋದು. ಬದುಕೆಲ್ಲ ಮೇಲೆ ಕೆಳಗೆ ಓಡಾಡಿ ಸಾಕಾಗಿದೆ ಅಂತಾರೆ.”

ಹಲ್ಲಿನಕ್ಕ ಗಂಡನ ಮುಖ ನೋಡಿದಳು. ಪ್ರೊಫೆಸರ್ ಅಲ್ಲ, ಲಿಫ್ಟ್ ಮೆಕ್ಯಾನಿಕ್. ಯಾಕೋ ಅವಳಿಗೆ ಖುಷಿಯೇ ಆಯಿತು.

ಬಾಗಿಲು ತೆಗೆದದ್ದು ಮೇಷ್ಟ್ರ ತಂಗಿ. ಒಳಗೆ ಕಿಟಕಿಯ ಪಕ್ಕ, ಕೆದರಿದ ಬಿಳಿಗೂದಲಿನ, ದಪ್ಪ ಬೆರಳಿನ ಮನುಷ್ಯರೊಬ್ಬರು ಪೇಪರು ಹಿಡಿದು ಕೂತಿದ್ದರು. ಅವಳು ಎದುರಿಗೆ ನಿಂತು, “ನಾನು ದವಡೆ,” ಎಂದಳು. ಬೇರೆ ಹೇಗೆ ಪರಿಚಯ ಹೇಳಿಕೊಳ್ಳಬೇಕೆಂದು ತೋಚಲಿಲ್ಲ.

ಅವರು ಪೇಪರನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. “ಕೂತ್ಕೊಮ್ಮ,” ಎಂದರು ಕೊನೆಗೆ. ಹಲ್ಲಿನ ಸೆಟ್ ಸಡಿಲವಾಗಿದ್ದು, ಮಾತಿಗೊಮ್ಮೆ ಕಟಕಟ ಎನ್ನುತ್ತಿತ್ತು. “ಕಟ್ಟೆ ಇನ್ನೂ ಇದೆಯಾ?”

“ಇನ್ನು ಹದಿಮೂರು ದಿನ ಇರುತ್ತೆ, ಮೇಷ್ಟ್ರೇ,” ಎಂದು ಅವಳು ಎಲ್ಲವನ್ನೂ ಹೇಳಿದಳು. ಲೈಬ್ರರಿಯಲ್ಲಿ ಜಾಗ ಸಿಕ್ಕಿದೆ, ಪಾಸ್‌ವರ್ಡ್ ಒಂದು ಸಿಕ್ಕರೆ ಸಾಕು.

ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ, “ಹೋಗ್ಲಿ ಬಿಡು. ಅಳಿಸಿ ಹೋಗೋದೇ ಒಳ್ಳೇದು,” ಎಂದರು.

“ಯಾಕೆ?”

“ಅದರ ಬುಡದಲ್ಲೇ ಒಂದು ಸುಳ್ಳಿದೆ. ಆ ಹಾಳೆ ಪರೀಕ್ಷೆ ಅಲ್ಲಮ್ಮ. ತಪ್ಪು. ಕೈಲೆಕ್ಕ ಸುಲಭ ಆಗ್ಲಿ ಅಂತ ಎಲ್ಲಕ್ಕೂ ಅರ್ಧ ಹಾಕ್ಬಿಟ್ಟೆ. ಅವಳಿಗಳಾಗ್ತಾರೆ ಅಂತ ನನಗೇ ಗೊತ್ತಿರ್ಲಿಲ್ಲ. ನೀನು ಬರೆದ ಮೇಲೆ ಎರಡು ದಿನ ಕೂತು ಲೆಕ್ಕ ಮಾಡಿದೆ, ನೀನು ಹೇಳಿದ್ದೇ ನಿಜ. ಎಲ್ರೂ ನನ್ನ ಮೇಷ್ಟ್ರು ಮೇಷ್ಟ್ರು ಅಂತಿದ್ರಿ. ತಪ್ಪು ಅಂತ ಒಪ್ಕೊಳ್ಳೋಕೆ ಬಾಯಿ ಬರ್ಲಿಲ್ಲ. ಅದೇ ಪರೀಕ್ಷೆ ಅಂದ್ಬಿಟ್ಟೆ.” ಅವರು ಕಿಟಕಿಯಾಚೆ ನೋಡಿದರು. “ಆಮೇಲೆ ನೋಡಿದ್ರೆ ಅದೇ ಪದ್ಧತಿ ಆಗೋಯ್ತು. ಒಬ್ಬೊಬ್ರು ಪಾಸಾದಾಗ್ಲೂ ಒಂದೊಂದು ಮುಳ್ಳು. ಮುನ್ನೂರು ಮುಳ್ಳು ತಡ್ಕೊಂಡೆ. ಕೊನೇಗೆ ನೀನು ದೂರದೃಷ್ಟಿ ಅಂತೆಲ್ಲ ಬರೆದ್ಯಲ್ಲ, ಅದನ್ನ ಮಾತ್ರ ತಡ್ಕೊಳ್ಳೋಕಾಗ್ಲಿಲ್ಲ.”

ಹಲ್ಲಿನಕ್ಕನಿಗೆ ಮೊದಲು ಬಂದದ್ದು ಸಿಟ್ಟು. ಇಪ್ಪತ್ತೆರಡು ವರ್ಷ ಎದೆಗವಚಿಕೊಂಡಿದ್ದ ಒಂದೇ ಒಂದು ಸರ್ಟಿಫಿಕೇಟನ್ನು ಇವರು ಕೂತಲ್ಲೇ ಹರಿದು ಕೈಗೆ ಕೊಟ್ಟಿದ್ದರು. ಇಲ್ಲದ ಪರೀಕ್ಷೆಯಲ್ಲಿ ಪಾಸಾದೆನೆಂದು ಬೀಗಿದ ತಾನೆಂಥ ಪೆದ್ದಿ ಎನ್ನಿಸಿತು. ಎದ್ದು ಹೋಗಿಬಿಡಬೇಕೆಂದು ಕೈಚೀಲ ಎತ್ತಿಕೊಂಡಳು. ಗಂಡ ಎಂದೂ ಇಲ್ಲದಷ್ಟು ಗಂಭೀರವಾಗಿ ನೆಲ ನೋಡುತ್ತ ಕೂತಿದ್ದ. ಮೇಷ್ಟ್ರು ಮತ್ತೇನೋ ಹೇಳಲು ಹೋದರು, ಸೆಟ್ ಕಟಕಟ ಎಂದಿತು, ನೋವಿಗೆ ಮುಖ ಕಿವುಚಿಕೊಂಡರು.

“ಯಾರು ಕಟ್ಟಿದ್ದು ಇದನ್ನ?” ಎಂದಳು ಅವಳು, ಸಿಟ್ಟೆಲ್ಲ ಅತ್ತ ತಿರುಗಿ. “ತೆಗೀರಿ ಬಾಯಿ.”

ಕೈಚೀಲದಲ್ಲಿ ನೀಲಿ ಕಾಗದವೂ ಪುಟ್ಟ ಅರವೂ ಯಾವಾಗಲೂ ಇರುತ್ತಿದ್ದವು. ಕಾಗದ ಕೊಟ್ಟು ಕಚ್ಚಿಸಿದಳು. ಬಲಗಡೆ ಕೊನೇ ಹಲ್ಲಿನ ಮೇಲೆ ಗಾಢವಾದ ಚುಕ್ಕೆ ಬಿತ್ತು. ಸೆಟ್ ತೆಗೆಸಿ, ತೊಳೆದು, ಎರಡೇ ಎರಡು ಸಲ ಅರ ಎಳೆದು ವಾಪಸು ಕೊಟ್ಟಳು. ಮತ್ತೆ ಕಚ್ಚಿಸಿದಳು. ಚುಕ್ಕೆ ಸಣ್ಣದಾಯಿತು. ಮತ್ತೆ ಅರ.

“ಒಂದೇ ಸಲ ಪೂರ್ತಿ ಉಜ್ಜಬಾರದಾ?” ಎಂದರು ಮೇಷ್ಟ್ರು, ಬೊಚ್ಚುಬಾಯಲ್ಲಿ.

“ಒಂದೇ ಸಲ ಉಜ್ಜಿದ್ರೆ ಅತ್ಲಾಗೆ ಹೆಚ್ಚಾಗುತ್ತೆ. ಎಷ್ಟು ತಪ್ಪಿದೆಯೋ ಅದರಲ್ಲಿ ಚೂರೇ ಚೂರು ತಿದ್ಬೇಕು, ಮತ್ತೆ ಅಳೀಬೇಕು. ಇದನ್ನ ನನಗೆ ಬರೆದು ಹೇಳಿಕೊಟ್ಟೋರು ಯಾರು? ನೀವೇ ತಾನೆ?”

ಮೇಷ್ಟ್ರು ಅವಳನ್ನೇ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಸಡಿಲವಾಯಿತು. ಹಲ್ಲಿಲ್ಲದೆ ನಕ್ಕರು.

ಆರನೇ ಸಲ ಕಚ್ಚಿಸುವ ಹೊತ್ತಿಗೆ ಅವಳ ಸಿಟ್ಟೂ ತೆಳ್ಳಗಾಗಿತ್ತು. ಕೈಗೆ ಕೆಲಸ ಸಿಕ್ಕಾಗ ಅವಳ ತಲೆ ಯಾವತ್ತೂ ನೆಟ್ಟಗೆ ಓಡುತ್ತಿತ್ತು. “ಮೇಷ್ಟ್ರೇ, ಸುಳ್ಳು ಹೇಳಿದ್ದು ತಪ್ಪು. ನನಗೆ ಹೊಟ್ಟೆ ಉರೀತು, ಇಲ್ಲ ಅನ್ನಲ್ಲ,” ಎಂದಳು. “ಆದ್ರೆ ಬುಡದಲ್ಲಿ ತಪ್ಪಿದೆ ಅಂತ ಜಾಲಾನೇ ಸುಟ್ಟಾಕ್ತಾರಾ ಯಾರಾದ್ರೂ? ತಿದ್ತಾರೆ. ಅಷ್ಟು ಜನ ಇಪ್ಪತ್ತೆರಡು ವರ್ಷ ಕೂತು ಒಬ್ಬರ ಲೆಕ್ಕ ಇನ್ನೊಬ್ರು ನೋಡಿದಾರಲ್ಲ, ಅದು ಸುಳ್ಳಾ?”

ಮೇಷ್ಟ್ರು ಸೆಟ್ ಹಾಕಿಕೊಂಡು ಬಾಯಿ ಮುಚ್ಚಿ ತೆಗೆದು ನೋಡಿದರು. ಸದ್ದಿರಲಿಲ್ಲ. ತಂಗಿ ಒಳಗಿಂದ, “ಅಣ್ಣಾ, ನಾಲ್ಕು ವರ್ಷದ ಮೇಲೆ ಈ ಮನೇಲಿ ಆ ಕಟಕಟ ನಿಂತಿದೆ,” ಎಂದಳು.

“ತಪ್ಪು ನಂದು, ಕಟ್ಟೇಲಿ ಎಲ್ರಿಗೂ ನಾನೇ ಬರೀತೀನಿ,” ಎಂದರು ಮೇಷ್ಟ್ರು. ಕಪಾಟು ತೆಗೆದು, ಹಳೇ ತಪಾಸಣೆ ಚೀಟಿಯೊಂದರ ಹಿಂಬದಿಯಲ್ಲಿ ಏನೋ ಗೀಚಿ, ನಾಲ್ಕು ಮಡಿಕೆ ಮಾಡಿ ಅವಳ ಕೈಗಿಟ್ಟರು. “ಇಲ್ಲಿ ಬಿಚ್ಚಬೇಡ. ನನ್ನೆದುರಿಗೆ ಬೇಡ. ಹೋಗಿ ನೋಡು.”

ಅವಳು ಮಾತಿಗೆ ತಪ್ಪಲಿಲ್ಲ. ಬಸ್ಸಿನಲ್ಲಿ ಮೂರು ಗಂಟೆ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಗಂಡ ಎರಡು ಸಲ ಅತ್ತ ಕಣ್ಣು ಹಾಯಿಸಿ, ಎರಡು ಸಲವೂ ಕಿಟಕಿಯಾಚೆ ನೋಡಿದ.

ಸೋಮವಾರ ಮಧ್ಯಾಹ್ನ ಡಾಕ್ಟರು ಊಟಕ್ಕೆ ಹೋದ ಮೇಲೆ ಅವಳು ಕಂಪ್ಯೂಟರಿನ ಮುಂದೆ ಕೂತಳು. ಈಗ ಕಿರ್ರ್ ಕುರ್ರ್ ಇಲ್ಲ, ಒತ್ತಿದರೆ ಬಾಗಿಲು ತೆರೆಯುತ್ತದೆ. ಚೀಟಿ ಬಿಚ್ಚಿದಳು. ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆದ ಕನ್ನಡ. ಕೂಡಿಸಿಕೊಂಡು ಓದಿದಳು.

ದವಡೆ ಹೇಳಿದ್ದೇ ಸರಿ.

ಅದರ ಕೆಳಗೆ ಸಣ್ಣದಾಗಿ: “ಆ ಎರಡನೇ ದಿನವೇ ಇದನ್ನು ಇಟ್ಟೆ, ಮತ್ತೆ ಬದಲಾಯಿಸಲಿಲ್ಲ. ಹದಿಮೂರು ವರ್ಷ ಪ್ರತಿ ದಿನ ಇದನ್ನು ಒತ್ತಿಯೇ ಒಳಗೆ ಬರುತ್ತಿದ್ದೆ.”

ಅವಳು ಒತ್ತಲು ಹೋದಳು. ಕಣ್ಣು ಮಂಜಾಗಿ ಮೊದಲ ಸಲ ತಪ್ಪಾಯಿತು. ಎರಡನೇ ಸಲವೂ ತಪ್ಪಾಯಿತು. ಪ್ಲಾಸ್ಟರ್ ಹತ್ತಿದ ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಂದೊಂದೇ ಅಕ್ಷರವನ್ನು ನೋಡಿ ನೋಡಿ ಒತ್ತಿದಳು. ಬಾಗಿಲು ತೆರೆಯಿತು. ಹತ್ತೊಂಬತ್ತು ಸಾವಿರ ಮಾತುಗಳು ಒಂದೊಂದಾಗಿ ಇಳಿಯಲು ಶುರುವಾದವು.

ವಾರ ಕಳೆದು ಕಟ್ಟೆ ಲೈಬ್ರರಿಯ ಕಂಪ್ಯೂಟರಿನಲ್ಲಿ ತೆರೆದುಕೊಂಡಾಗ ಮೊದಲ ಬರಹ ಮೇಷ್ಟ್ರದೇ. ತಪ್ಪಿನ ಕಥೆಯನ್ನು ಒಂದೂ ಬಿಡದೆ ಬರೆದಿದ್ದರು. ಬೆಸುಗೆ ಎಲ್ಲರಿಗಿಂತ ಮುಂಚೆ ಉತ್ತರ ಕೊಟ್ಟ: “ತಪ್ಪು ಒಪ್ಪಿಕೊಂಡಿದ್ದೀರಿ, ಇನ್ನು ಸರದಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಬರುವ ವಾರ ನಿಮ್ಮದೇ.” ಹಾಳೆಯಲ್ಲಿ ಎಲ್ಲ ಅರ್ಧಗಳೂ ಹಾಗೇ ಉಳಿದವು, ಬದಲಾಯಿಸುವುದು ಬೇಡವೆಂದು ಎಲ್ಲರೂ ಸೇರಿ ತೀರ್ಮಾನಿಸಿದರು. ತುದಿಯಲ್ಲಿ ಮಾತ್ರ ಒಂದು ಸಾಲು ಸೇರಿತು: “ಈ ಹಾಳೆಯಲ್ಲೊಂದು ತಪ್ಪಿದೆ. ಮಾಡಿದ್ದು ಮೇಷ್ಟ್ರು, ತಿದ್ದಿದ್ದು ದವಡೆ.”

ಆ ಸೋಮವಾರ ಮಾತ್ರ ಇದೆಲ್ಲ ಇನ್ನೂ ಮುಂದಿತ್ತು. ಇಳಿಯುತ್ತಿದ್ದ ಮಾತುಗಳನ್ನು ನೋಡುತ್ತ ಅವಳು ಆರಿದ ಬುತ್ತಿಯನ್ನು ಉಣ್ಣುತ್ತಿದ್ದಾಗ ಡಿಪೋದಿಂದ ಗಂಡನ ಫೋನು ಬಂತು.

“ಪಾಸ್‌ವರ್ಡ್ ಸರಿ ಇತ್ತಾ?” ಎಂದು ಕೇಳಿದ.

“ಸರಿ ಇತ್ತು.”

“ಏನು ಅದು?”

ಹಲ್ಲಿನಕ್ಕ ಚೀಟಿಯನ್ನು ಇನ್ನೊಮ್ಮೆ ನೋಡಿ, ಅದರ ಹಳೇ ಮಡಿಕೆಯಲ್ಲೇ ಮಡಚಿ, ಮೇಣದ ಡಬ್ಬಿಯ ತಳಕ್ಕೆ ಇಟ್ಟಳು.

“ಪಾಸ್‌ವರ್ಡ್‌ನೆಲ್ಲ ಹೇಳಬಾರದು ಕಣ್ರೀ,” ಎಂದಳು.